ಒಲೆಗೋಡೆಯ ಸುಣ್ಣ

"ಆ ಒಲೆಗೋಡೆ ಒಂದು ಬಿಟ್ಟು ಬೇರೆ ಎಲ್ಲಿ ಬೇಕಾದ್ರೂ ಹೊಡಿ," ಎನ್ನುತ್ತ ಮುದುಕಿ ರೊಸಲೀನ್ ಎತ್ತಿದ ಸುತ್ತಿಗೆಗೆ ಅಡ್ಡ ಬಂದು ನಿಂತಳು.

ಗಾರೆಯವ ಟ್ರೋಫೀಮ್ ಸುತ್ತಿಗೆ ಇಳಿಸಿದ. "ಬೇರೆ ಎಲ್ಲಿದೆ ಅಂತ ಹೊಡೀಲಿ ಅತ್ತೆ? ಸೂರು ಹೋಯ್ತು, ಮೆಟ್ಟಿಲು ಹೋಯ್ತು. ಉಳಿದಿರೋದು ಈ ಗೋಡೆ, ಮತ್ತೆ ನೀನು. ಇಬ್ರೂ ಒಂದೇ ಅಚ್ಚು, ಜಪ್ಪಯ್ಯ ಅಂದ್ರೂ ಅಲ್ಲಾಡೋರಲ್ಲ."

ಆರ್ಲ್ ಊರಿನ ನಡುವೆ ರೋಮಿನವರು ಮಲಗಿಸಿಟ್ಟು ಹೋದ ಕಲ್ಲಿನ ಬಳೆ, ಒಂದು ದುಂಡು ಅಖಾಡ, ಅದು. ಒಂದು ಕಾಲಕ್ಕೆ ಅದರೊಳಗೆ ಮನುಷ್ಯರು ಮೃಗಗಳೊಂದಿಗೆ ಕಾದಾಡಿದ್ದರು. ಆಮೇಲೆ ಯಾವುದೋ ದಂಡಿಗೆ ಹೆದರಿ ಓಡಿಬಂದವರು ಕಮಾನುಗಳಿಗೆಲ್ಲ ಕಲ್ಲು ತುಂಬಿ, ಅಲ್ಲೇ ಒಲೆ ಹೂಡಿ, ಇನ್ನೂರು ಮನೆಗಳ ಊರಾದರು. ಈಗ ನಗರದ ದೊಡ್ಡವರಿಗೆ ಬರಿಯ ಬಳೆ ಬೇಕಾಗಿತ್ತು. ಮನೆಗಳೆಲ್ಲ ಉದುರಿ ರೊಸಲೀನಳದೇ ಕೊನೆಯದು. ಅವಳ ಒಲೆ ಆತುಕೊಂಡದ್ದು ರೋಮಿನ ಕಂಬಕ್ಕೇ. ಕಲ್ಲು ಉಳಿಯಬೇಕು, ಮೇಲಿನ ಸುಣ್ಣ ಹೋಗಬೇಕು ಎಂದು ಅಪ್ಪಣೆಯಾಗಿತ್ತು.

"ಬರೀ ಸುಣ್ಣ ಅತ್ತೆ!"

"ಬರೀ ಸುಣ್ಣ ಅಲ್ಲ ಕಣೋ. ಅದರೊಳಗೆ ನನ್ನ ಮಿಯೆತ್ ಇದಾಳೆ. ನನ್ನ ಮಗಳು ಅಂತ ತೋರಿಸೋಕೆ ನಂಗೆ ಬೇರೇನೂ ಇಲ್ಲ. ಅಷ್ಟು ಕಿತ್ತು ಕೊಟ್ಟುಬಿಡು, ಹೋಗ್ತೀನಿ."

ಮುದುಕಿಗೆ ಅರಳುಮರಳು ಎಂದುಕೊಂಡು, ಅವಳ ಸಮಾಧಾನಕ್ಕೆ ಟ್ರೋಫೀಮ್ ಉಳಿ ಹಿಡಿದು ಅಂಗೈಯಗಲದ ಒಂದು ಸುಣ್ಣದ ಹೆಕ್ಕಳೆ ಎಬ್ಬಿಸಿದ. ನಾಲ್ಕು ಬೆರಳಿನಷ್ಟು ದಪ್ಪ. ಒಡೆದ ಅಂಚನ್ನು ಬೆಳಕಿಗೆ ಹಿಡಿದವನು ಹಾಗೇ ನಿಂತ. ಬಿಳಿ, ಕಪ್ಪು, ಬಿಳಿ, ಕಪ್ಪು. ಪ್ರತಿ ಚಳಿಗಾಲದ ಮಸಿ, ಅದರ ಮೇಲೆ ಪ್ರತಿ ಈಸ್ಟರ್ ಹಬ್ಬದ ಸುಣ್ಣ, ಕೂದಲೆಳೆಯಷ್ಟು ಸಣ್ಣಗೆ, ಒಂದರ ಮೇಲೊಂದು.

ರೊಸಲೀನ್ ಉಗುರಿನಿಂದ ಎಣಿಸುತ್ತ ಇಳಿದಳು. ಮೂವತ್ತೇಳನೆಯದಕ್ಕೆ ಬೆರಳು ನಿಂತಿತು. ಅಲ್ಲಿ ಕಪ್ಪು ದಪ್ಪಗಿತ್ತು.

"ಆ ವರ್ಷ ಚಳಿಗೆ ರೋನ್ ನದಿ ಹೆಪ್ಪುಗಟ್ಟಿ ಕಲ್ಲಾಗಿತ್ತು. ಆಲಿವ್ ಮರಗಳು ಸಿಡಿದು ಸತ್ತವು. ಮಗೂಗೆ ಜ್ವರ. ಮೊದಲು ಕುರ್ಚಿ ಸುಟ್ಟೆ, ಆಮೇಲೆ ಮಂಚ, ಕೊನೆಗೆ ತೊಟ್ಟಿಲು." ಅವಳು ಉಸಿರೆಳೆದುಕೊಂಡಳು. "ಬೆಂಕಿ ಆರೋಕೆ ಬಿಡಲಿಲ್ಲ. ಅವಳೇ ಆರಿಹೋದ್ಲು."

 ಟ್ರೋಫೀಮನ ಬೆರಳೂ ಆ ಅಂಚಿನ ಮೇಲೆ ಕೆಳಗಿಳಿಯಿತು. "ಇಲ್ಲೇನು ಅತ್ತೆ, ಎರಡು ಕಪ್ಪು ಅಂಟ್ಕೊಂಡಿವೆ? ನಡುವೆ ಸುಣ್ಣವೇ ಇಲ್ಲ."

"ಪ್ಲೇಗು. ಆ ಹಬ್ಬಕ್ಕೆ ಸುಣ್ಣ ಬಳಿಯೋಕೆ ಮನೇಲಿ ಕೈಗಳೇ ಉಳಿದಿರಲಿಲ್ವಂತೆ. ಈ ಒಲೆ ಮುಂದೇ ಕೂತು ನಮ್ಮಜ್ಜಿ ಹೇಳ್ತಿದ್ಲು."

ಅದರ ಕೆಳಗೆ ಇನ್ನೊಂದು ದಪ್ಪ ಕಪ್ಪು. ಅದರ ಕೆಳಗೆ, ಎಷ್ಟೋ ಬಿಳಿಗಳ ಆಚೆ, ಮತ್ತೊಂದು. ಅದು ಯಾವ ಚಳಿಗಾಲ, ಯಾವ ತಾಯಿ ಸುಟ್ಟ ತೊಟ್ಟಿಲು? ಹೇಳಲು ಯಾವ ಅಜ್ಜಿಯೂ ಇರಲಿಲ್ಲ. ಅವನು ಎಣಿಕೆ ಕೈಬಿಟ್ಟ.

"ಟ್ರೋಫೀಮ, ಗೋಡೆ ನೋಡೋ," ಎಂದಳು ರೊಸಲೀನ್ ಪಿಸುದನಿಯಲ್ಲಿ.

ಹೆಕ್ಕಳೆ ಎದ್ದ ಕುಳಿಯ ತಳದಲ್ಲಿ ಕಲ್ಲಿಗಂಟಿ ಮೊಟ್ಟಮೊದಲ ಸುಣ್ಣ ಉಳಿದಿತ್ತು. ಬಳಿದವಳ ಬಳಿ ಕುಂಚವಿರಲಿಲ್ಲ. ನಾಲ್ಕು ಬೆರಳುಗಳು ಓರೆಯಾಗಿ ಎಳೆದುಕೊಂಡು ಹೋಗಿದ್ದವು. ರೊಸಲೀನ್ ತನ್ನ ನಾಲ್ಕು ಬೆರಳನ್ನು ಆ ಗೀರುಗಳೊಳಗೆ ಇಟ್ಟಳು. ಅವು ಸರಿಯಾಗಿ ಕೂತವು. ಗಾರೆಯವ ಹೆಕ್ಕಳೆಯನ್ನು ಅವಳ ಇನ್ನೊಂದು ಕೈಗೆ ಕೊಟ್ಟು ತಲೆಯ ಟೊಪ್ಪಿ ತೆಗೆದ.

"ಏನದು ಅಲ್ಲಿ?" ನಗರದ ಮೇಲ್ವಿಚಾರಕ ಇಟ್ಟಿಗೆ ರಾಶಿ ದಾಟಿಕೊಂಡು ಬಂದ. "ಅಜ್ಜಿ, ಕೈಯಲ್ಲೇನು? ರೋಮಿನ ಕಲ್ಲು ಒಂದು ಚೂರೂ ಆಚೆ ಹೋಗಕೂಡದು."

ಟ್ರೋಫೀಮ್ ಆ ನಾಲ್ಕು ಬೆರಳಿನ ಗೀರುಗಳಿಗೆ ಬೆನ್ನು ಆನಿಸಿ ನಿಂತುಬಿಟ್ಟ. "ಕಲ್ಲಲ್ಲ ಸ್ವಾಮಿ. ಸುಣ್ಣ."

ಮೇಲ್ವಿಚಾರಕ ಹೆಕ್ಕಳೆಯನ್ನು ಹಿಂದೆ ಮುಂದೆ ತಿರುಗಿಸಿದ, ಹೆಬ್ಬೆರಳಿಗಂಟಿದ ಮಸಿಯನ್ನು ಒರೆಸಿಕೊಂಡ. "ಕಸ. ತಗೊಂಡು ಹೋಗಲಿ ಬಿಡು, ಇದರಲ್ಲಿ ಹಳೇದೇನೂ ಇಲ್ಲ."

ರೊಸಲೀನ್ ಶಾಲು ಬಿಚ್ಚಿ ಅದನ್ನು ಸುತ್ತಿದಳು. ಕೂಸಿನ ಕತ್ತಿಗೆ ಕೊಡುವ ಹಾಗೆ ಅಡಿಗೊಂದು ಕೈ ಕೊಟ್ಟು, ಎದೆಗವಚಿಕೊಂಡು, ಕಮಾನಿನ ಕೆಳಗೆ ಹಾದು ಬಿಸಿಲಿಗೆ ಹೋದಳು.