ಅಂಗೈ ಮೇಲಿನ ಗುಂಡಿ

ತಾಯಿ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಕಣ್ಣು ಮುಚ್ಚಿ ಅಂಗೈ ಚಾಚಿದಳು. "ಇಡೇ, ನೋಡೋಣ. ಇವತ್ತಾದ್ರೂ ನನ್ನ ಸೋಲಿಸ್ತೀಯಾ?" ಎಂದು ಮಗಳನ್ನು ಕೆಣಕಿದಳು.

ಮಗಳಿಗೆ ಚಿಕ್ಕದಾದ ಪ್ರತಿಯೊಂದು ಬಟ್ಟೆಯಿಂದಲೂ ಒಂದು ಗುಂಡಿ ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುವುದು ತಾಯಿಯ ಹುಚ್ಚು. ಅವರ ಆಟ ಇಷ್ಟೇ: ಮಗಳು ಒಂದನ್ನು ಅಂಗೈಗೆ ಹಾಕಬೇಕು, ತಾಯಿ ಬರೀ ಸವರಿ ಅದು ಯಾವ ಬಟ್ಟೆಯದೆಂದು ಹೇಳಬೇಕು. ಹದಿಮೂರು ತುಂಬಿದ ಮೇಲೆ ಮಗಳು ಆ ಡಬ್ಬಿಯ ಹತ್ತಿರ ಸುಳಿದಿರಲಿಲ್ಲ. ಇವತ್ತು ಸೂಜಿ ಕೇಳಿಕೊಂಡು ಬಂದವಳನ್ನು ತಾಯಿ ಕೈಹಿಡಿದು ಕೂರಿಸಿಕೊಂಡಿದ್ದಳು.

"ಅಮ್ಮಾ, ನಾನೇನು ಪಾಪುನಾ? ಕೆಳಗೆ ಫ್ರೆಂಡ್ ಕಾಯ್ತಿದಾಳೆ."

"ಒಂದೇ ಒಂದು ಸಲ ಕಣೇ. ಆಮೇಲೆ ಎಲ್ಲಿಗಾದ್ರೂ ಹಾರಿ ಹೋಗು."

"ಸರಿ, ಕಣ್ಣು ಬಿಡಬೇಡ ಮತ್ತೆ. ಹೋದ ಸಲ ನೀನು ಕದ್ದು ನೋಡಿದ್ದೆ, ಕಳ್ಳಿ!"

ಡಬ್ಬಿಯಲ್ಲಿ ಕೈಯಾಡಿಸಿದ ಸದ್ದಾಯಿತು. ತಾಯಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. "ಬಂದೆ, ಬಂದೆ" ಎಂದ ಮಗಳ ದನಿ ಬಾಗಿಲ ಕಡೆ ಸರಿದು ಮೆಟ್ಟಿಲಿಳಿದು ಹೋಯಿತು.

ತಾಯಿ ಕಣ್ಣು ಬಿಡಲಿಲ್ಲ. ಬಿಡಬೇಡ ಎಂದಿದ್ದಳಲ್ಲ ಮಗಳು. ತೋಳು ನೋಯುವವರೆಗೂ ಹಾಗೇ ಚಾಚಿಕೊಂಡು ಕಾದಳು. ಆಮೇಲೆ ಇನ್ನೊಂದು ಕೈಯಿಂದ ತಡಕಾಡಿ, ಡಬ್ಬಿಯಿಂದ ಒಂದು ಗುಂಡಿ ತೆಗೆದು ತನ್ನ ಅಂಗೈಯಲ್ಲಿ ತಾನೇ ಇಟ್ಟುಕೊಂಡು ಸವರಿದಳು.

"ಸ್ಕೂಲಿಗೆ ಮೊದಲ ದಿನ ಅಳ್ತಾ ಹಾಕ್ಕೊಂಡು ಹೋಗಿದ್ಯಲ್ಲ, ಆ ನೀಲಿ ಸ್ವೆಟರಿಂದು" ಎಂದು ಜೋರಾಗಿ ಹೇಳಿ, ಸರಿಯೋ ತಪ್ಪೋ ಯಾರಾದರೂ ಹೇಳಲೆಂದು ಕಣ್ಣು ಮುಚ್ಚಿಕೊಂಡೇ ಕೂತಳು.