ಕಬ್ಬಿಣದ ಕೈ

ಹಾಲು ಉಕ್ಕಿ ಬರುತ್ತಿದ್ದಂತೆ ಅವಳು ಬರಿಗೈಯಲ್ಲೇ ಪಾತ್ರೆ ಹಿಡಿದಳು. "ಬಟ್ಟೆ ಹಿಡ್ಕೊಳ್ಳೇ!" ಎಂದು ಗಂಡ ಕೂಗಿದ. ಅವಳಿಗೆಲ್ಲಿಯ ಬಟ್ಟೆ!

ಹೋಟೆಲಿನ ಅಡುಗೆಮನೆಯಲ್ಲಿ ಅವಳ ಹೆಸರೇ ಕಬ್ಬಿಣದ ಕೈ. ಕಾದ ಬಾಣಲೆಯನ್ನೂ ಹೂವಿನಂತೆ ಇಳಿಸುತ್ತಿದ್ದಳು. ಕೈ ಪಳಗಿದೆ ಎಂದು ಎಲ್ಲರೂ ಹೊಗಳಿದರು, ಅವಳೂ ಬೀಗಿದಳು. ಮುಖ್ಯ ಅಡುಗೆಯವಳ ಪಟ್ಟ ಇನ್ನೇನು ಸಿಕ್ಕಿತು ಅನ್ನುವಾಗ, ಕೆಲಸದವರ ತಪಾಸಣೆಗೆ ಬಂದ ಡಾಕ್ಟರು ಅವಳ ಬೆರಳಿಗೆ ಸೂಜಿ ಚುಚ್ಚಿದರು. ಅವಳಿಗೆ ಗೊತ್ತೇ ಆಗಲಿಲ್ಲ. "ಪಳಗಿದ್ದಲ್ಲಮ್ಮ, ಮರಗಟ್ಟಿದೆ. ಬಾಣಲೆ ಎತ್ತೀ ಎತ್ತೀ ಮಣಿಕಟ್ಟಿನ ನರ ಒತ್ತಿಹೋಗಿದೆ. ನೀವು ರಜೆ ಹಾಕಿ, ಇಲ್ಲಾಂದ್ರೆ ಕೈಯೇ ರಜೆ ಹಾಕುತ್ತೆ." ಮನಸ್ಸು ಕಲ್ಲು ಮಾಡಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಕೂತಳು. ಪಟ್ಟ ಅವಳ ಕೈಕೆಳಗಿನವನ ಪಾಲಾಯಿತು. ಆ ಸಂಕಟಕ್ಕೆ ಮಾತ್ರ ಯಾವ ಮದ್ದೂ ನಾಟಿರಲಿಲ್ಲ.

"ಅಯ್ಯಯ್ಯಪ್ಪಾ!" ಈಗ ಅವಳು ಹಾಲಿನ ಪಾತ್ರೆ ಬಿಟ್ಟು ಕೈ ಕೊಡವಿಕೊಂಡು ಹಾರಿದಳು. ಹಾಲು ಒಲೆಯ ತುಂಬಾ ಚೆಲ್ಲಿತು. ಗಂಡ ಓಡಿಬಂದು ಅವಳ ಬೆರಳನ್ನು ನಲ್ಲಿಯ ಕೆಳಗೆ ಹಿಡಿದ.

"ಉರೀತಿದೆಯೇನೇ?"

"ಉರೀತಿದೆ ರೀ, ಸಿಕ್ಕಾಪಟ್ಟೆ ಉರೀತಿದೆ!" ಎನ್ನುತ್ತಾ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಟ್ಟ ಹೋದ್ರೆ ಹೋಗ್ಲಿ ಬಿಡಿ. ಇರಿ, ಪಕ್ಕದ ಬೆರಳೂ ನೋಡಿಬಿಡ್ತೀನಿ!" ಎಂದು ಮತ್ತೆ ಪಾತ್ರೆಯತ್ತ ಕೈ ಚಾಚಿದಳು.