ಮುಂದಿನ ಸೀಟು

ತಾನು ಓಡಿಸುವ ಸಫಾರಿ ಗಾಡಿಯ ಮುಂದಿನ ಸೀಟನ್ನು ಚಾಮರಾಜ ಎರಡು ಸಲ ಒರೆಸಿ ಮಗಳಿಗೆಂದು ಕಾದಿರಿಸಿದ್ದ. ನಿಸರ್ಗ ಮೆಟ್ಟಿಲು ಹತ್ತಿದವಳೇ ಅದರ ಕಡೆ ಕಣ್ಣೂ ಹಾಯಿಸದೆ, ಅವ್ವನ ಸೆರಗು ಹಿಡಿದು ಕೊನೆಯ ಸಾಲಿಗೆ ನಡೆದುಬಿಟ್ಟಳು.

"ಬಾ ಕೂಸೆ, ಇಲ್ಲಿ ಕೂತ್ರೆ ಎಲ್ಲಾ ಚೆನ್ನಾಗಿ ಕಾಣ್ತದೆ," ಎಂದು ಕರೆದ.

"ಬ್ಯಾಡ," ಎಂದಳು ಆರು ವರ್ಷದ ಹುಡುಗಿ. ಹೇಳಿದ್ದು ಅವನಿಗಲ್ಲ, ಅವ್ವನಿಗೆ.

"ಹೋಗವ್ವ, ನಿಮ್ಮಪ್ಪ ಆಸೆ ಇಟ್ಕೊಂಡವ್ರೆ," ಎಂದು ಲೀಲಮ್ಮ ಗೋಗರೆದಳು. ಹುಡುಗಿ ಅವಳ ಮಡಿಲಿಗೆ ಮುಖ ಒತ್ತಿಕೊಂಡಳು. ಮುಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದ ಮಲಯಾಳಿ ಒಬ್ಬ ಖುಷಿಯಿಂದ ಬಂದು ಕುಳಿತ.

ಆ ರಾತ್ರಿಯೇ ತಾಯಿ ಮಗಳಿಗೆ ದುಬೈನಿಂದ ಬೆಂಗಳೂರಿಗೆ ವಿಮಾನ. ದಸರಾ ರಜೆಗೆಂದು ಹೆಂಡತಿ ಮಗಳು ಅವನು ಕೆಲಸಕ್ಕಿರುವ, ದುಬೈ ಬಳಿಯ ಅಲ್ ಐನ್‌ಗೆ ಬಂದು ಹದಿಮೂರು ದಿನವಾಗಿತ್ತು. ಗೆಳೆಯ ಸರ್ವೋತ್ತಮ ಊರಿಗೆ ಹೋಗುವಾಗ ಫ್ಲಾಟಿನ ಬೀಗದ ಕೈ ಕೊಟ್ಟು ಹೋಗಿದ್ದರಿಂದ ಮೂವರೂ ಒಂದೇ ಸೂರಿನಡಿ ಇದ್ದರು. ಆದರೂ ನಿಸರ್ಗ ಅವನನ್ನು ಒಮ್ಮೆಯೂ ಅಪ್ಪಾ ಎಂದು ಕರೆದಿರಲಿಲ್ಲ. ಅವಳಿಗೆ ಹಲ್ಲು ಮೂಡುವಾಗ ಬಿಟ್ಟು ಬಂದವನು, ನಡುವೆ ಒಂದೇ ಸಲ ನಲವತ್ತು ದಿನ ಊರಲ್ಲಿದ್ದವನು, ಹೇಗೆ ತಾನೇ ಕರೆದಾಳು? ಮಾಲ್‌ನಲ್ಲಿ ಕೊಡಿಸಿದ ಗೊಂಬೆಯನ್ನು ಅಪ್ಪಿಕೊಂಡಳು. ಕೊಡಿಸಿದವನನ್ನು ಮಾತ್ರ ಕೇಬಲ್ ರಿಪೇರಿಗೆ ಬಂದವನನ್ನು ನೋಡುವಂತೆ ನೋಡಿದಳು.

ಊರಲ್ಲಿದ್ದಾಗ ಇವಳೇ ಫೋನಿನಲ್ಲಿ ಬರುವ ಅವನ ಮಾತಿಗೆ ಅಂಟಿಕೊಂಡಿರುತ್ತಿದ್ದಳು. ಇಲ್ಲಿಂದ ವಾಟ್ಸಾಪ್ ಕರೆ ಹೋಗುವುದಿಲ್ಲವೆಂದು ದಿನವೂ ಡ್ಯೂಟಿ ಮುಗಿದ ಮೇಲೆ ಚಾಮರಾಜ ಒಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಇವತ್ತು ಯಾವ ಸಿಂಹ ಮುನಿಸಿಕೊಂಡಿತು, ಯಾವ ಜೀಬ್ರಾ ಯಾರನ್ನು ಒದೆಯಿತು ಎಂದೆಲ್ಲ ಹೇಳುತ್ತಿದ್ದ. ಮಗಳು ಫೋನನ್ನು ಕಿವಿಗೆ ಒತ್ತಿಕೊಂಡು ನಾಲ್ಕು ಸಲ ಕೇಳದೆ ಮಲಗುತ್ತಿರಲಿಲ್ಲ. ಎದುರಿಗೆ ಬಂದಾಗ ಮಾತ್ರ ಅವನ ಬಾಯಿ ಕಟ್ಟಿಹೋಯಿತು. "ಉಂಡ್ಯಾ?", "ನಿದ್ದೆ ಬಂತಾ?" ಇಷ್ಟೇ. ಕಂಡವರ ಮಕ್ಕಳನ್ನೆಲ್ಲ ನಗಿಸುವವನಿಗೆ ಸ್ವಂತ ಮಗಳನ್ನು ಒಲಿಸಿಕೊಳ್ಳಲು ಬಾರದಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು. ಮುಂದಿನ ರಜೆ ಸಿಗುವ ಹೊತ್ತಿಗೆ ಅವಳಿಗೆ ಎಂಟು ತುಂಬಿರುತ್ತದೆ. ಆಗ ಅವಳಿಗೆ ಅಪ್ಪ ಬೇಕೆಂದೂ ಅನ್ನಿಸದಿದ್ದರೆ?

ಗೇಟು ತೆರೆಯಿತು. ಬೆಳಗಿನ ಬಿಸಿಲು ಇನ್ನೂ ಹಿತವಾಗಿತ್ತು. ಚಾಮರಾಜ ಕೊರಳ ಮೈಕು ಸರಿಪಡಿಸಿಕೊಂಡು, ಕಂಪನಿ ಬರೆದುಕೊಟ್ಟ ಇಂಗ್ಲಿಷ್ ಒಪ್ಪಿಸತೊಡಗಿದ. ಆಫ್ರಿಕಾದ ಹುಲ್ಲೆಗಳು ಬಂದವು, ಜೀಬ್ರಾಗಳು ಬಂದವು, ಘೇಂಡಾಮೃಗ ದೂಳಲ್ಲಿ ಹೊರಳಿತು. ಜನ ಎದ್ದೆದ್ದು ನೋಡಿದರು. ಕನ್ನಡಿಯಲ್ಲಿ ಮಗಳ ಜಡೆ ಮಾತ್ರ ಕಾಣುತ್ತಿತ್ತು.

ಕೊನೆಯ ತಿರುವಿನಲ್ಲಿ ಹೆಣ್ಣು ಜಿರಾಫೆಯೊಂದು ದಾರಿಗೆ ಅಡ್ಡ ಬಂದು, ಗಾಡಿಯ ಪಕ್ಕಕ್ಕೇ ಕುತ್ತಿಗೆ ಬಗ್ಗಿಸಿತು. ಚಾಮರಾಜ ಬ್ರೇಕು ಒತ್ತಿದ. ಇಂಗ್ಲಿಷ್ ಮುಂದಕ್ಕೆ ಬರಲಿಲ್ಲ. ದೂರು ಹೋದರೆ ಹೋಗಲಿ ಎಂದುಕೊಂಡು ಕನ್ನಡಕ್ಕಿಳಿದ.

"ನೋಡು ಮಗಾ, ಇವ್ಳು ಗೌರಿ. ಹೆಸ್ರು ನಾನೇ ಇಟ್ಟಿದ್ದು. ಹೋದ್ ವರ್ಷ ನಿಂತ್ಕಂಡೇ ಮರಿ ಹಾಕಿದ್ಳು. ಮರಿ ಆಳೆತ್ತರದಿಂದ ದೊಪ್ ಅಂತ ನೆಲಕ್ಕೆ ಬಿತ್ತು. ನಂಗೋ ಎದೆ ಒಡ್ದೋಯ್ತು. ಇವ್ಳು ಮಾತ್ರ ಗಾಬ್ರಿನೇ ಬೀಳ್ನಿಲ್ಲ. ಆ ಕರೀ ನಾಲ್ಗೇಲಿ ನೆಕ್ಕಿ ನೆಕ್ಕಿ..."

"ಭಾಯ್, ಇಂಗ್ಲಿಷ್ ಮೇ ಬೋಲೋ," ಎಂದ ಮುಂದಿನ ಸೀಟಿನವನು.

"ದೋ ಮಿನಿಟ್, ಸಾರ್," ಎಂದು ಚಾಮರಾಜ ಕೈ ಮುಗಿದ. ಮತ್ತೆ ಮೈಕಿಗೆ, "ಒಂದೇ ಗಂಟೇಲಿ ಮರಿ ಎದ್ದು ನಿಂತ್ಕತು ಕಣವ್ವ. ಕಾಲು ನಡುಗ್ತಾವೆ, ಆದ್ರೂ ಅವ್ವನ್ ಹಿಂದೇನೇ ಹೊಂಟದೆ..."

ಹೇಳುತ್ತಲೇ ಕನ್ನಡಿ ನೋಡಿದ. ನಿಸರ್ಗ ಮಡಿಲಿಂದ ಎದ್ದು ಕುಳಿತಿದ್ದಳು. ಎಲ್ಲರೂ ಎಡಗಡೆಗೆ ಮುಗಿಬಿದ್ದು ಫೋಟೋ ತೆಗೆಯುತ್ತಿದ್ದರೆ, ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ತನ್ನ ಮುಖ ಕನ್ನಡಿಯಲ್ಲಿಯೂ ಅವಳಿಗೆ ಬೇಡವಾಯಿತೇ ಎಂದುಕೊಂಡ. ಮಾತು ತಡವರಿಸಿತು, ಆದರೂ ನಿಲ್ಲಿಸಲಿಲ್ಲ.

ಲೀಲಮ್ಮ ಮಗಳ ಭುಜ ಅಲುಗಾಡಿಸಿದಳು. "ಕಣ್ ಬುಡೇ, ಜಿರಾಫೆ ಕೈಗ್ ಸಿಗೋ ಹಂಗ್ ನಿಂತದೆ. ಇನ್ಯಾವಾಗ್ ನೋಡೀಯೆ?"

ನಿಸರ್ಗ ಕಣ್ಣು ತೆರೆಯಲಿಲ್ಲ. ತಲೆಯ ಮೇಲಿದ್ದ ಸ್ಪೀಕರಿನ ಕಡೆ ಕಿವಿ ಎತ್ತಿ, ಅವ್ವನ ಕೈಯನ್ನು ಮೆಲ್ಲಗೆ ತಳ್ಳಿ ಹೇಳಿದಳು:

"ಸುಮ್ಕಿರವ್ವ, ಅಪ್ಪ ಮಾತಾಡ್ತಾವ್ರೆ."